ಹಿಂದಿನ ಬಾಗಿಲಿಂದ ಬಂದವಳು

ನಮ್ಮ ಸಿಸ್ಟರಿಗೆ ಜನ ಇಟ್ಟಿದ್ದ ಹೆಸರು ‘ಕೂತ್ಕೊಳ್ಳಿ ಸಿಸ್ಟರ್’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಬಂದವರಿಗೆಲ್ಲ ಮೊದಲು ಹೇಳುತ್ತಿದ್ದ ಮಾತು ಅದೇ. ಕೂತ್ಕೊಳ್ಳಿ, ಏನವಸರ, ಊರು ಹೊತ್ತಿ ಉರೀತಿದೆಯಾ?

ಆಸ್ಪತ್ರೆ ಎಂದರೆ ದೊಡ್ಡದೇನಲ್ಲ. ಒಬ್ಬರು ಡಾಕ್ಟರಮ್ಮ, ಒಬ್ಬರು ಸಿಸ್ಟರ್, ಔಷಧಿ ಕೊಡುವ ನಾನು, ಒಂದು ಉದ್ದನೆಯ ಪಡಸಾಲೆ, ಅದರಲ್ಲಿ ಗೋಡೆಗೆ ಒತ್ತಿ ಹಾಕಿದ ಬೆಂಚುಗಳು. ಕೆಮ್ಮು, ಜ್ವರ, ಸಕ್ಕರೆ ಕಾಯಿಲೆ, ಮಂಡಿನೋವು, ಏನೇ ಬಂದರೂ ಸುತ್ತಲಿನ ಬೀದಿಗಳ ಜನ ಮೊದಲು ಕಾಲಿಡುವುದು ಇಲ್ಲಿಗೆ. ನಮ್ಮ ಕೈಲಾಗದ್ದನ್ನು ದೊಡ್ಡಾಸ್ಪತ್ರೆಗೆ ಕಳಿಸುತ್ತೇವೆ. ನನ್ನ ಔಷಧಿ ಕಿಂಡಿ ಪಡಸಾಲೆಯ ಮೂಲೆಯಲ್ಲಿದೆ. ಅಲ್ಲಿ ಕೂತರೆ ಎದುರಿಗೆ ಸಿಸ್ಟರ್ ಬಿಪಿ ನೋಡುವ ಕುರ್ಚಿ, ಪಕ್ಕದಲ್ಲಿ ಡಾಕ್ಟರಮ್ಮನ ಕೋಣೆ, ಬೆನ್ನ ಹಿಂದೆ ಸಿಬ್ಬಂದಿ ಓಡಾಡುವ ಹಿಂದಿನ ಬಾಗಿಲು. ಕಿವಿ ಮುಚ್ಚಿಕೊಳ್ಳದಿದ್ದರೆ ಎಲ್ಲರ ಮಾತೂ ಕೇಳಿಸುತ್ತದೆ, ಮತ್ತು ಕಿವಿ ಮುಚ್ಚಿಕೊಳ್ಳುವ ಆಸಾಮಿ ನಾನಲ್ಲ.

ನಡೆದು ಬಂದವರ ಬಿಪಿ ಮೊದಲ ಸಲಕ್ಕೆ ಸರಿಯಾಗಿ ಸಿಗುವುದಿಲ್ಲ, ಸ್ವಲ್ಪ ಹೊತ್ತು ಕೂರಿಸಿ ಇನ್ನೊಮ್ಮೆ ನೋಡಬೇಕು ಎನ್ನುವುದು ಡಾಕ್ಟರಮ್ಮ ಹಾಕಿಕೊಟ್ಟ ಕ್ರಮ. ಬೇರೆ ಕಡೆ ಹೀಗೆ ಕೂತವರು ಗೋಡೆ ನೋಡುತ್ತಾ ಕೂರುತ್ತಾರೆ. ನಮ್ಮ ಸಿಸ್ಟರ್ ಆ ಹೊತ್ತನ್ನು ಗೋಡೆಗೆ ಬಿಟ್ಟುಕೊಡುತ್ತಿರಲಿಲ್ಲ. ತೋಳಿಗೆ ಸುತ್ತಿದ ಪಟ್ಟಿಯ ಗಾಳಿ ಬಿಟ್ಟು, ಪಟ್ಟಿ ಮಾತ್ರ ಬಿಚ್ಚದೆ, ತಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಶುರು ಮಾಡುತ್ತಿದ್ದರು. ನಿದ್ದೆ ಬರುತ್ತಾ? ಊಟ ರುಚಿಸುತ್ತಾ? ಮೊದಲು ಯಾವ ಕೆಲಸ ಅಂದ್ರೆ ಇಷ್ಟ ಇತ್ತೋ, ಅದು ಈಗಲೂ ಇಷ್ಟಾನಾ?

ಈ ಮೂರನೆಯ ಪ್ರಶ್ನೆಗೆ ಎಂಥೆಂಥವರೋ ತಬ್ಬಿಬ್ಬಾಗಿದ್ದನ್ನು ನೋಡಿದ್ದೇನೆ. ಒಂದು ದಿನ ನಾನೇ ಕೇಳಿದೆ, “ಅಲ್ಲ ಸಿಸ್ಟರ್, ಪಟ್ಟಿ ಬಿಚ್ಚಿ ಮಾತಾಡಿದ್ರೆ ಏನು ಗಂಟು ಹೋಗುತ್ತೆ?”

“ಬಿಚ್ಚಿದ್ರೆ ಎದ್ದು ಹೋಗ್ಬಿಡ್ತಾರೆ ಸಾರ್” ಎಂದು ನಕ್ಕರು. “ತೋಳು ಕಟ್ಟಿಸ್ಕೊಂಡು ಕೂತೋರು ಸುಳ್ಳು ಹೇಳೋದು ಕಡಿಮೆ.”

ಇಷ್ಟು ವರ್ಷದ ನೌಕರಿಯಲ್ಲಿ ‘ಮನಸ್ಸು ಸರಿಯಿಲ್ಲ’ ಎಂದು ಹೇಳಿ ಟೋಕನ್ ತೆಗೆದುಕೊಂಡವರನ್ನು ನಾನು ಕಂಡಿಲ್ಲ. ಬೆನ್ನುನೋವು ಎನ್ನುತ್ತಾರೆ, ಹೊಟ್ಟೆಯುರಿ ಎನ್ನುತ್ತಾರೆ, ತಲೆ ಭಾರ ಎನ್ನುತ್ತಾರೆ. ಗುಳಿಗೆ ಕೊಟ್ಟರೆ ಇಸಿದುಕೊಂಡು ಹೋಗಿ ಮುಂದಿನ ವಾರ ಅದೇ ಮುಖ ಹೊತ್ತು ಬರುತ್ತಾರೆ. ಹೀಗೆ ಓಡಾಡುತ್ತಿರುವಾಗಲೇ, ಬೇಜಾರು ಇನ್ನೂ ಬೇಜಾರಾಗಿರುವಾಗಲೇ ಹಿಡಿಯಬೇಕು, ಕಾಯಿಲೆಯಾಗಿ ಬೇರುಬಿಟ್ಟ ಮೇಲೆ ಕಷ್ಟ ಎನ್ನುವುದು ಸಿಸ್ಟರ್ ಹಟ. ಯಾರ ಮೇಲಾದರೂ ಅನುಮಾನ ಬಂದರೆ ಡಾಕ್ಟರಮ್ಮನ ಬಾಗಿಲಲ್ಲಿ ತಲೆ ಹಾಕಿ, “ಡಾಕ್ಟ್ರೇ, ಇವರಿಗೆ ಸ್ವಲ್ಪ ಜಾಸ್ತಿ ಹೊತ್ತು” ಎನ್ನುತ್ತಿದ್ದರು. ಡಾಕ್ಟರಮ್ಮ ಪೆನ್ನಿಗೆ ಕ್ಯಾಪು ಹಾಕಿ ಪಕ್ಕಕ್ಕಿಡುತ್ತಿದ್ದರು. ಇವರಿಬ್ಬರ ನಡುವೆ ಇದ್ದ ಏರ್ಪಾಡು ಇಷ್ಟೇ. ಇದರಿಂದ ಸಾಲು ಉದ್ದವಾಗುತ್ತಿತ್ತು, ನನ್ನ ಮಧ್ಯಾಹ್ನದ ಊಟ ತಣ್ಣಗಾಗುತ್ತಿತ್ತು. ನಾನು ಗೊಣಗುತ್ತಿದ್ದೆ. ಗೊಣಗುವುದು ನನ್ನ ಹುಟ್ಟುಗುಣ.

ಡ್ರೈವರಣ್ಣ ನಮ್ಮಲ್ಲಿಗೆ ಬಂದದ್ದೂ ಆ ಕುರ್ಚಿಯ ಮೇಲಿಂದಲೇ. ಬಸ್ಸು ಓಡಿಸುತ್ತಿದ್ದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಸ್ಟೀರಿಂಗು ಬಿಡಿಸಿತ್ತು. ತಲೆಸುತ್ತು ಎಂದು ಬಂದಿದ್ದರು. ಸಿಸ್ಟರ್ ಪಟ್ಟಿ ಸುತ್ತಿ ನಿದ್ದೆಯ ವಿಚಾರ ತೆಗೆದರು.

“ಮೊದಲನೇ ಬಸ್ಸಿಗೆ ಏಳೋ ಹೊತ್ತಿಗೆ ಎಚ್ಚರ ಆಗುತ್ತಮ್ಮ” ಎಂದರು ಡ್ರೈವರಣ್ಣ. “ಎದ್ದು ಎಲ್ಲಿಗೆ ಹೋಗ್ಲಿ? ಹಾಗೇ ಸೂರು ನೋಡ್ತಾ ಬಿದ್ದಿರ್ತೀನಿ.”

ಅವರಿಗೂ ಸ್ವಲ್ಪ ಜಾಸ್ತಿ ಹೊತ್ತು ಸಿಕ್ಕಿತು. ಡಾಕ್ಟರಮ್ಮ ಸಕ್ಕರೆಯ ಗುಳಿಗೆ ಬದಲಾಯಿಸಿದರು, ವಾರವಾರ ಕರೆದು ಮಾತನಾಡಿಸಿದರು. ಸಿಸ್ಟರ್ ಮಾತ್ರ, “ನಮ್ಮ ಟೋಕನ್ ಕೊಡೋಕೆ ಯಾರೂ ಇಲ್ಲ, ಬೆಳಿಗ್ಗೆ ಬಂದು ನಿಲ್ಲಿ ಅಣ್ಣ” ಎಂದು ಗಂಟು ಬಿದ್ದರು. ಅಂದಿನಿಂದ ನಮ್ಮ ಪಡಸಾಲೆ ಬಸ್ಸಾಯಿತು. “ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಜಾಗ ಇದೆ!” ಎಂದು ಅವರು ಕೂಗಿದರೆ ಜ್ವರ ಬಂದವರೂ ನಗುತ್ತಿದ್ದರು. ಟೋಕನ್ ವಿಚಾರದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಅವರ ಸೊಸೆ ಬಂದಾಗಲೂ ಸಾಲಿನಲ್ಲೇ ಕೂರಿಸಿದರು.

ಹೀಗೆ ಕೂರಿಸಿದ್ದು ಅವರೊಬ್ಬರೇ. ನಮ್ಮ ಉಳಿದವರ ಮನೆಯವರಿಗೆ ಹಿಂದಿನ ಬಾಗಿಲಿತ್ತು. ಇದನ್ನು ಯಾರೂ ಕಾನೂನು ಮಾಡಿರಲಿಲ್ಲ. ದೊಡ್ಡ ಸಂಬಳವಿಲ್ಲದ ಈ ಕೆಲಸದಲ್ಲಿ ನಮಗಿದ್ದ ಒಂದೇ ಠೀವಿ ಅದು. ನನ್ನ ಹೆಂಡತಿಯ ಮಂಡಿನೋವು, ಡಾಕ್ಟರಮ್ಮನ ಮಾವನ ಕೆಮ್ಮು, ಸಿಸ್ಟರ್ ತಾಯಿಯ ಗ್ಯಾಸು, ಎಲ್ಲವೂ ಅಲ್ಲಿಂದಲೇ ಒಳಗೆ ಬರುತ್ತಿದ್ದವು. ಒಬ್ಬ ರೋಗಿ ಹೊರಗೆ ಹೋಗಿ ಇನ್ನೊಬ್ಬ ಒಳಗೆ ಬರುವ ನಡುವೆ ಡಾಕ್ಟರಮ್ಮ ನಿಂತಲ್ಲೇ ನೋಡಿ ಬರೆದುಕೊಡುತ್ತಿದ್ದರು. ಟೋಕನ್ ಇಲ್ಲ, ಬೆಂಚಿಲ್ಲ, ಬಿಪಿ ಕುರ್ಚಿಯೂ ಇಲ್ಲ. ನಮ್ಮವರನ್ನು ಕಾಯಿಸಲಿಲ್ಲ ಎಂಬ ಸಮಾಧಾನ ನಮಗೆಲ್ಲ ಇತ್ತು.

ಸಿಸ್ಟರ್ ಮನೆಯಲ್ಲಿ ಮೂವರು ಹೆಂಗಸರು. ತಾಯಿ, ಸಿಸ್ಟರ್, ತಂಗಿ. ತಂದೆ ಬೇಗ ತೀರಿಕೊಂಡಿದ್ದರು. ತಾಯಿ ಕೆಲಸಕ್ಕೆ ಹೋಗುತ್ತಿದ್ದುದರಿಂದ ತಂಗಿಯನ್ನು ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಬಿಟ್ಟು ಬೆಳೆಸಿದ್ದೆಲ್ಲ ಸಿಸ್ಟರೇ. ಪುಟ್ಟಿ ಎಂದು ಕರೆಯುತ್ತಿದ್ದರು. ಆ ಪುಟ್ಟಿ ಬೆಳೆದು ಪೇಟೆಬೀದಿಯ ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸಕ್ಕೆ ಸೇರಿದ್ದಳು. ಕೆಲಸ ಎಂದರೆ ಅವಳಿಗೆ ಪ್ರಾಣ. ರಸ್ತೆಯಲ್ಲಿ ಹೋಗುವವರ ಮುಖ ಬಿಟ್ಟು ತಲೆ ನೋಡುತ್ತಿದ್ದಳು. “ಆ ಹುಡುಗಿಗೆ ಯಾರೋ ಕಣ್ಣು ಮುಚ್ಚಿ ಕತ್ತರಿಸಿದ್ದಾರೆ ಅಂಕಲ್, ನನ್ನ ಕೈಗೆ ಸಿಗ್ಬೇಕು” ಎನ್ನುತ್ತಿದ್ದಳು. ನನ್ನ ಬೋಳುತಲೆಯನ್ನಂತೂ ಬಿಟ್ಟವಳೇ ಅಲ್ಲ. ಕಿಂಡಿಯಲ್ಲಿ ಇಣುಕಿ, “ಅಂಕಲ್, ನಿಮ್ಮ ತಲೆಗೆ ಕತ್ತರಿ ಬೇಡ, ಒಂದು ಒರೆಸೋ ಬಟ್ಟೆ ಸಾಕು” ಎಂದು ಹೇಳಿ ನಾನು ಬಾಯಿ ತೆರೆಯುವುದರೊಳಗೆ ಮಾಯವಾಗುತ್ತಿದ್ದಳು.

ಅವಳ ಕೈಗೆ ಅಲರ್ಜಿ ಶುರುವಾಯಿತು. ಮೊದಲು ಬೆರಳ ಸಂದಿ ಕೆಂಪಾಯಿತು, ಆಮೇಲೆ ಸೀಳಿತು. ತಲೆಗೆ ಹಚ್ಚುವ ಬಣ್ಣ, ಶಾಂಪೂ, ಕೊನೆಗೆ ಕತ್ತರಿಯ ಹಿಡಿ ಮುಟ್ಟಿದರೂ ಉರಿ. ಕೈಗವಸು ಹಾಕಿ ನೋಡಿದಳು, ಒಳಗೆ ಬೆವರಿ ಇನ್ನೂ ಕೆರಳಿತು. ಡಾಕ್ಟರಮ್ಮ ಚರ್ಮದ ಡಾಕ್ಟರಿಗೂ ತೋರಿಸಿದರು. ಇಬ್ಬರೂ ಹೇಳಿದ್ದು ಒಂದೇ, ಆ ಕೆಲಸ ಬಿಡದೆ ಕೈ ವಾಸಿಯಾಗದು. ಪಾರ್ಲರಿನ ಮಾಲೀಕಳು ಒಳ್ಳೆಯ ಹೆಂಗಸು. ಕೆಲಸದಿಂದ ತೆಗೆಯಲಿಲ್ಲ, ಮುಂದಿನ ಮೇಜಿನ ಹತ್ತಿರ ಕೂರಿಸಿ ಫೋನು ಎತ್ತಲು ಹೇಳಿದಳು. ಸಂಬಳವೂ ಅಷ್ಟೇ ಇತ್ತು. ಅದೃಷ್ಟವಂತೆ ಎಂದು ನಾವೆಲ್ಲ ಹೇಳಿದೆವು. ಅವಳು ದಿನವಿಡೀ ಆ ಮೇಜಿನ ಹಿಂದೆ ಕೂತು, ಒಳಗಿನಿಂದ ಬರುವ ಕತ್ತರಿಯ ಸದ್ದು ಕೇಳುತ್ತಿದ್ದಳು.

ಕೈಗೆ ಮುಲಾಮು ಒಯ್ಯಲು ಆಗಾಗ ಬರುತ್ತಿದ್ದಳು, ಹಿಂದಿನ ಬಾಗಿಲಿಂದ. ಕೆಲವು ತಿಂಗಳಲ್ಲಿ ಮುಲಾಮಿನ ಜೊತೆಗೆ ಹೊಟ್ಟೆಯುರಿಯ ಗುಳಿಗೆ ಸೇರಿತು. ಆಮೇಲೆ ತಲೆನೋವಿನದು. ಪ್ರತಿಸಲವೂ ಡಾಕ್ಟರಮ್ಮ ಕೈ ತಿರುಗಿಸಿ ನೋಡಿ, “ಇಳೀತಾ ಇದೆ, ಇಳೀತಾ ಇದೆ” ಎಂದು ಖುಷಿಪಟ್ಟು ಬರೆದುಕೊಡುತ್ತಿದ್ದರು. ಪುಟ್ಟಿ ಕಿಂಡಿಯ ಮುಂದೆ ನಿಂತು ಔಷಧಿ ತೆಗೆದುಕೊಂಡು ಹೋಗುತ್ತಿದ್ದಳು. ನನ್ನ ತಲೆಯ ಸುದ್ದಿಗೆ ಬರುವುದನ್ನು ಬಿಟ್ಟಿದ್ದಳು.

“ನಿಮ್ಮ ತಂಗಿ ಇತ್ತೀಚೆಗೆ ತುಂಬಾ ಮೆತ್ತಗಾಗಿದ್ದಾಳಲ್ಲ ಸಿಸ್ಟರ್” ಎಂದೆ ಒಮ್ಮೆ.

“ಈಗ ಬುದ್ಧಿ ಬಂತು ಅಂದ್ಕೊಳ್ಳಿ ಸಾರ್. ಮನೇಲೂ ಮೊದಲಿನ ಹಾಗೆ ತಲೆಹರಟೆ ಮಾಡಲ್ಲ” ಎಂದರು. ಆಮೇಲೆ ಪಟ್ಟಿ ಮಡಿಸುತ್ತಾ, “ನಿಜ ಹೇಳ್ಬೇಕಂದ್ರೆ, ಇಲ್ಲಿ ದಿನವಿಡೀ ಕೇಳಿ ಕೇಳಿ ಮನೆಗೆ ಹೋದ್ರೆ ಯಾರ ಮಾತೂ ಕಿವಿಗೆ ಬೀಳದಿದ್ರೆ ಸಾಕು ಅನಿಸುತ್ತೆ” ಎಂದರು. ಅದರಲ್ಲಿ ತಪ್ಪೇನಿತ್ತು? ಅಡುಗೆಯವನು ಮನೆಗೆ ಹೋಗಿ ಒಲೆ ಹಚ್ಚಲು ಬೇಸರಪಟ್ಟರೆ ನಾವು ಬೈಯುತ್ತೇವೆಯೇ?

ಒಂದು ಸೋಮವಾರ ಪಡಸಾಲೆ ತುಂಬಿತ್ತು. ನಾನು ಕಿಂಡಿಯಿಂದ ನೋಡುತ್ತೇನೆ, ಪುಟ್ಟಿ ಮುಂಬಾಗಿಲಿಂದ ಬಂದು, ಡ್ರೈವರಣ್ಣನ ಕೈಯಿಂದ ಟೋಕನ್ ತೆಗೆದುಕೊಂಡು, ಬೆಂಚಿನ ತುದಿಯಲ್ಲಿ ಕೂತಿದ್ದಾಳೆ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಬಂದ ಮಗುವಿನ ಹಾಗೆ ನೆಟ್ಟಗೆ ಕೂತಿದ್ದಳು. ಸಿಸ್ಟರ್ ಒಬ್ಬರನ್ನು ಒಳಗೆ ಕಳಿಸಿ ತಿರುಗಿದಾಗ ಕಂಡಳು.

“ಪುಟ್ಟಿ! ಇಲ್ಯಾಕೆ ಕೂತಿದ್ದೀಯೆ?”

“ಟೋಕನ್ ತಗೊಂಡಿದ್ದೀನಕ್ಕ. ಬಿಪಿ ನೋಡಿಸ್ಕೊಳ್ಳೋಣ ಅಂತ.”

“ನಿನಗೆಂಥ ಬಿಪಿ, ಈ ವಯಸ್ಸಿಗೆ! ಬೇಕಂದ್ರೆ ಸಂಜೆ ಮನೇಲಿ ನೋಡ್ತೀನಿ ಬಿಡು.”

“ಮನೇಲಿ ನೀನು ಸುಸ್ತಾಗಿರ್ತೀಯ. ಇಲ್ಲೇ ಕೂತಿರ್ತೀನಿ. ನನ್ನ ನಂಬರು ಬರಲಿ.”

“ಅಯ್ಯೋ, ಜನ ನೋಡ್ತಿದ್ದಾರೆ ಕಣೇ. ಸ್ವಂತ ತಂಗೀನೇ ಬೆಂಚ್ ಮೇಲೆ ಕಾಯಿಸ್ತಾಳೆ ಅಂತಾರೆ. ಏಳು ಏಳು. ಹಿಂದಿನಿಂದ ಬಂದು ಕೈ ತೋರಿಸಿ ಹೋಗು, ಪಾರ್ಲರ್‌ಗೂ ಹೊತ್ತಾಗುತ್ತೆ.”

ಸಿಸ್ಟರ್ ಅವಳ ಕೈಯಿಂದ ಟೋಕನ್ ತೆಗೆದು ಡ್ರೈವರಣ್ಣನಿಗೆ ವಾಪಸು ಕೊಟ್ಟರು. ಭುಜ ಹಿಡಿದು ಎಬ್ಬಿಸಿ, ಕಿವಿಯ ಹಿಂದಿನಿಂದ ಜಾರಿದ ಕೂದಲನ್ನು ಒಪ್ಪ ಮಾಡಿ, ನನ್ನ ಬೆನ್ನ ಹಿಂದಿನ ದಾರಿಯಿಂದ ಕರೆದುಕೊಂಡು ಹೋದರು. ಪ್ರೀತಿಯಿಂದಲೇ ಮಾಡಿದರು. ಅದನ್ನು ನೋಡಿದ ಯಾರಿಗಾದರೂ ಇಂಥ ಅಕ್ಕ ಇರಬೇಕು ಅನಿಸುತ್ತಿತ್ತು.

ಒಳಗಿನಿಂದ ಡಾಕ್ಟರಮ್ಮನ ದನಿ ಕೇಳಿತು. “ನೋಡಿ ಸಿಸ್ಟರ್, ಪೂರ್ತಿ ವಾಸಿಯಾಗಿದೆ! ಒಂದು ಗೆರೆ ಇಲ್ಲ!” ಪುಟ್ಟಿ ಹೊರಗೆ ಬಂದು ಕಿಂಡಿಯ ಪಕ್ಕ ನಿಂತಳು.

“ಔಷಧಿ ಏನೂ ಬೇಡವಂತೆ ಅಂಕಲ್.”

“ಒಳ್ಳೇದೇ ಆಯ್ತಲ್ಲಮ್ಮ.”

“ಹೂಂ” ಎಂದು ನಕ್ಕಳು. ಎರಡು ಕೈಗಳನ್ನೂ ಕಿಂಡಿಯ ಕಟ್ಟೆಯ ಮೇಲಿಟ್ಟು, ಬೇರೆ ಯಾರದೋ ಕೈಗಳನ್ನು ನೋಡುವಂತೆ ನೋಡಿಕೊಂಡಳು. ಆಮೇಲೆ ಬಂದ ಬಾಗಿಲಿಂದಲೇ ಹೋದಳು.

ಅದೇ ವಾರ ಅವಳು ತಾನಾಗಿಯೇ ಜೀವ ಕಳೆದುಕೊಂಡಳು. ಹೇಗೆ ಎಂದು ನಾನು ಹೇಳುವುದಿಲ್ಲ. ಕೇಳಿದವರಿಗೆಲ್ಲ ಮುಖ ಮುರಿದಂತೆ ಉತ್ತರ ಕೊಟ್ಟಿದ್ದೇನೆ, ಇಲ್ಲಿಯೂ ಅಷ್ಟೇ. ಆ ಹುಡುಗಿಯ ವಿಚಾರದಲ್ಲಿ ತಿಳಿಯಬೇಕಾದದ್ದು ಅದಲ್ಲ. ಫೋನು ಬಂದಾಗ ಸಿಸ್ಟರ್ ಯಾರದೋ ತೋಳಿಗೆ ಪಟ್ಟಿ ಸುತ್ತುತ್ತಿದ್ದರು. ಡಾಕ್ಟರಮ್ಮ ಹೊರಗೆ ಬಂದು ಅವರ ಕೈ ಹಿಡಿದು ವಿಷಯ ಹೇಳಿದರು. ಸಿಸ್ಟರ್ ಕೇಳಿಸಿಕೊಂಡು, “ಸ್ವಲ್ಪ ತಡೀರಿ ಡಾಕ್ಟ್ರೇ, ಇವರದು ಇನ್ನೊಂದು ಸಲ ನೋಡ್ಬೇಕು” ಎಂದರು.

ಎಲ್ಲ ಮುಗಿಸಿ ಮರಳುವಾಗ ಡ್ರೈವರಣ್ಣ ನನ್ನ ಜೊತೆ ನಡೆಯುತ್ತಿದ್ದರು. ನನ್ನ ಮನೆಯ ತಿರುವಿನಲ್ಲಿ ನಿಂತು, “ಆ ಟೋಕನ್ನು ನಾನು ವಾಪಸ್ ತಗೋಬಾರದಿತ್ತು ಸಾರ್” ಎಂದರು. “ನನ್ನ ಬಸ್ಸಿಗೆ ಹತ್ತಿದ ಮಗುವನ್ನ ನಾನೇ ಇಳಿಸಿಬಿಟ್ಟೆ.” ಅವರ ಭುಜ ಮುಟ್ಟಿ ಮನೆಗೆ ಬಂದೆ.

ಸಿಸ್ಟರ್ ಕೆಲಸಕ್ಕೆ ಮರಳಿದರು. ಇನ್ನಷ್ಟು ದಿನ ರಜೆ ತೆಗೆದುಕೊಳ್ಳಿ ಎಂದು ಡಾಕ್ಟರಮ್ಮ ಬೇಡಿಕೊಂಡರೂ ಕೇಳಲಿಲ್ಲ. ಬಂದ ದಿನವೇ ಒಂದು ಬೀಗ ತಂದು ಹಿಂದಿನ ಬಾಗಿಲಿಗೆ ಜಡಿದರು. ಯಾಕೆ ಎಂದು ನಾವ್ಯಾರೂ ಕೇಳಲಿಲ್ಲ. ನನ್ನ ಹೆಂಡತಿ ಮೊದಲ ಸಲ ಸಾಲಿನಲ್ಲಿ ಕೂತು, ಮನೆಗೆ ಬಂದು ನನ್ನ ಮೇಲೆ ಹರಿಹಾಯ್ದಳು.

ಆದರೆ ಕುರ್ಚಿಯ ಹತ್ತಿರ ಮಾತು ನಿಂತುಹೋಯಿತು. ಸಿಸ್ಟರ್ ಪಟ್ಟಿ ಸುತ್ತುತ್ತಿದ್ದರು, ಒಂದೇ ಸಲ ನೋಡುತ್ತಿದ್ದರು, ಬಿಚ್ಚುತ್ತಿದ್ದರು, ಮುಂದಿನವರು. ಕೂತ್ಕೊಳ್ಳಿ ಎನ್ನುವುದೂ ಇಲ್ಲ, ಕೈಯಿಂದ ಕುರ್ಚಿ ತೋರಿಸುವುದಷ್ಟೇ. ಸಾಲು ಸರಸರನೆ ಕರಗತೊಡಗಿತು. ನನ್ನ ಊಟ ಬಿಸಿಯಾಗಿಯೇ ಸಿಗುತ್ತಿತ್ತು, ಅದರಷ್ಟು ಕಹಿ ಊಟ ನಾನು ಉಂಡಿಲ್ಲ. ಒಬ್ಬಾತ ಕಿಂಡಿಗೆ ಬಂದು, “ಈಗ ಚೆನ್ನಾಗಿದೆ ಸಾರ್, ಬಂದ್ವಾ ಹೋದ್ವಾ ಅಂತಾಗುತ್ತೆ” ಎಂದ. ಅವನಿಗೆ ಗುಳಿಗೆಯ ಬದಲು ಬೇರೇನಾದರೂ ಕೊಡಬೇಕೆನಿಸಿತು. ಗುಳಿಗೆಯನ್ನೇ ಕೊಟ್ಟೆ.

ಒಂದು ದಿನ ಒಬ್ಬ ಹೆಂಗಸು ಆ ಕುರ್ಚಿಯಲ್ಲಿ ಕೂತಿದ್ದಳು. ಹೊಲಿಗೆ ಅಂಗಡಿಯವಳು, ಹಿಂದಿನ ವರ್ಷ ಇದೇ ಕುರ್ಚಿಯಲ್ಲಿ ಅತ್ತು ಹಗುರಾಗಿ ಹೋದವಳು. ಸಿಸ್ಟರ್ ಪಟ್ಟಿ ಬಿಚ್ಚಿದ ಮೇಲೂ ಏಳಲಿಲ್ಲ. ಪ್ರಶ್ನೆಗಾಗಿ ಕಾಯುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು. ಸಿಸ್ಟರ್ ಮುಖ ತಿರುಗಿಸಿ ಪಟ್ಟಿ ಮಡಿಸತೊಡಗಿದರು. ಅವಳು ಸ್ವಲ್ಪ ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು ಎದ್ದಳು. ಡಾಕ್ಟರಮ್ಮನ ಕೋಣೆಗೂ ಹೋಗದೆ ಹೊರಟವಳನ್ನು ಡ್ರೈವರಣ್ಣ ಬಾಗಿಲಲ್ಲಿ ತಡೆದು, ಏನೋ ಹೇಳಿ ಮತ್ತೆ ಬೆಂಚಿಗೆ ಕರೆತಂದರು. ಪಾಪ, ಅವರಿಗೆ ಬೇರೇನು ಗೊತ್ತು? ಒಳಗೆ ಜಾಗ ಇದೆ ಎಂದಿರಬೇಕು.

ಅಂದು ನಾನು ತಡೆಯಲಾರದೆ ಹೋದೆ. ಮಧ್ಯಾಹ್ನ ಪಡಸಾಲೆ ಖಾಲಿಯಾದ ಮೇಲೆ ಕಿಂಡಿಯಿಂದಲೇ ಕೇಳಿದೆ, “ಸಿಸ್ಟರ್, ಅವಳು ನಿಮ್ಮ ಬಾಯಿಂದ ಒಂದು ಮಾತು ಬರಲಿ ಅಂತ ಕೂತಿದ್ಲು. ಕೇಳಬಹುದಿತ್ತು.”

“ಯಾವ ಬಾಯಲ್ಲಿ ಕೇಳ್ಲಿ ಸಾರ್?” ಎಂದರು. ದನಿ ಏರಿಸಲಿಲ್ಲ. “ಊರವರನ್ನೆಲ್ಲ ಕೂರಿಸಿ ಕೇಳಿದೆ. ನನ್ನ ಮಗು ತಾನಾಗೇ ಬಂದು ಕೂತರೆ ಎಬ್ಬಿಸಿ ಕಳಿಸಿದೆ. ಇನ್ಮೇಲೆ ಯಾರನ್ನಾದ್ರೂ ಕೇಳೋ ಯೋಗ್ಯತೆ ನನಗಿಲ್ಲ.”

ತಂಗಿ ಎನ್ನಲಿಲ್ಲ, ಮಗು ಎಂದರು. ಡಾಕ್ಟರಮ್ಮ ಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹತ್ತಿರ ಬಂದು, “ನಾನೂ ಅವಳ ಕೈ ನೋಡಿದೆ, ಮುಖ ನೋಡ್ಲಿಲ್ಲ ಸಿಸ್ಟರ್. ನೀವೊಬ್ಬರೇ ಹೊರಬೇಡಿ. ನನ್ನ ಹತ್ತಿರ ಬೇಡವಾದ್ರೆ ಬೇರೆಯವರ ಹತ್ತಿರ ಮಾತಾಡಿ, ನಾನು ಕರ್ಕೊಂಡು ಹೋಗ್ತೀನಿ” ಎಂದರು. ಸಿಸ್ಟರ್, “ನಾನು ಚೆನ್ನಾಗೇ ಇದ್ದೀನಿ ಡಾಕ್ಟ್ರೇ” ಎಂದು ಚೀಲ ಎತ್ತಿಕೊಂಡರು. ಚೆನ್ನಾಗೇ ಇದ್ದೀನಿ ಎನ್ನುವವರನ್ನು ಹೇಗೆ ನೋಡಬೇಕೆಂದು ನಮಗೆಲ್ಲ ಕಲಿಸಿದವರು ಅವರೇ. ಅವರು ಮೈಯಲ್ಲಿ ಅರ್ಧಕ್ಕೆ ಇಳಿದಿದ್ದರು. ಆ ಕುರ್ಚಿಯ ಎದುರಿನ ಸ್ಟೂಲಿನಿಂದಲೇ ಅವರೂ ಜಾರಿಹೋಗುತ್ತಾರೆ ಎನ್ನುವ ಭಯ ನನಗೆ ಶುರುವಾಯಿತು. ಡ್ರೈವರಣ್ಣನಿಗೂ ಅದೇ ಭಯ.

ಸಿಸ್ಟರ್ ತಾಯಿ ಬಂದದ್ದು ಮಳೆ ಹನಿಯುತ್ತಿದ್ದ ಒಂದು ಬೆಳಿಗ್ಗೆ. ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೇ ಹೋಗಿದ್ದಾರೆ. ಬೀಗ ಕಂಡು, ಕೊಡೆ ಹಿಡಿದುಕೊಂಡು ಕಟ್ಟಡ ಸುತ್ತಿ ಮುಂದೆ ಬಂದರು. ನಾನು ಕಿಂಡಿಯಿಂದ ಕಂಡು ಎದ್ದು ನಿಂತೆ. ಇಂಥ ಸಂಕಟದಲ್ಲಿರುವ ಮುದುಕಿಯನ್ನು ಸಾಲಿನಲ್ಲಿ ಕೂರಿಸುವುದೇ? ಡ್ರೈವರಣ್ಣ ಮಾತ್ರ ಒಂದು ಗಳಿಗೆ ಅವರ ಮುಖ ನೋಡಿ, ಟೋಕನ್ ತೆಗೆದು, ಎರಡೂ ಕೈಯಿಂದ ಅವರ ಅಂಗೈಯಲ್ಲಿಟ್ಟರು.

“ಇದನ್ನ ಯಾರಿಗೂ ಕೊಡ್ಬೇಡಿ ತಾಯಿ. ಯಾರು ಕೇಳಿದ್ರೂ ಕೊಡ್ಬೇಡಿ” ಎಂದರು.

ಸಿಸ್ಟರ್ ತಾಯಿಯನ್ನು ಕಂಡರು. ಕಂಡೂ ಎದ್ದು ಬರಲಿಲ್ಲ, ಒಳಗೆ ಕರೆಯಲಿಲ್ಲ. ಒಬ್ಬರಾದ ಮೇಲೆ ಒಬ್ಬರಿಗೆ ಪಟ್ಟಿ ಸುತ್ತುತ್ತಾ ಹೋದರು. ತಾಯಿ ಬೆಂಚಿನ ಮೇಲೆ ಸರಿದು ಸರಿದು, ಸಿಸ್ಟರ್ ಪುಟ್ಟಿಯನ್ನು ಎಬ್ಬಿಸಿದ್ದ ಜಾಗವನ್ನು ದಾಟಿ, ಕುರ್ಚಿಗೆ ಬಂದು ಕೂತರು.

“ಏನಾಗುತ್ತಮ್ಮ?”

“ಮಂಡಿ.”

ಸಿಸ್ಟರ್ ತಾಯಿಯ ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ತುಂಬಿದರು, ನೋಡಿದರು, ಬಿಟ್ಟರು. ಬಿಚ್ಚಲು ಕೈ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ನಾನು ಗುಳಿಗೆ ಎಣಿಸುವುದನ್ನು ಬಿಟ್ಟೆ. ಸಿಸ್ಟರ್ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆ ಸ್ಟೂಲು ನೆಲಕ್ಕೆ ಕರ್ ಎಂದ ಸದ್ದನ್ನು ಎಷ್ಟು ದಿನಗಳ ಮೇಲೆ ಕೇಳಿದ್ದೆನೋ!

“ಕೂತ್ಕೋ ಅಮ್ಮ. ಇನ್ನೊಂದು ಸಲ ನೋಡ್ಬೇಕು” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ನಿದ್ದೆ ಬರ್ತಿದೆಯಾ?”

ತಾಯಿ ಮಗಳ ಮುಖ ನೋಡಿದರು. ಒಂದೇ ಸೂರಿನ ಕೆಳಗೆ ಮಲಗುವವರು, ಗೋಡೆಯ ಆಚೆ ಈಚೆ.

“ಇಲ್ಲಿಗೆ ಬರೋರನ್ನ ಹೀಗೆ ಕೇಳ್ತೀಯೇನೇ?”

“ಹೂಂ.”

“ಎಲ್ಲರನ್ನೂ?”

“ಹೂಂ ಅಮ್ಮ.”

“ಅವಳನ್ನ ಕೇಳಿದ್ಯಾ?”

ಬೆಂಚಿನ ಮೇಲಿದ್ದವರಿಗೆ ಏನು ಅರ್ಥವಾಯಿತೋ, ಕೆಮ್ಮುತ್ತಿದ್ದವರೂ ತಡೆದುಕೊಂಡರು. ಕೇಳಿದ್ದೆ ಎಂದು ಹೇಳಿಬಿಡಿ ಸಿಸ್ಟರ್, ಒಂದು ಸುಳ್ಳು ಹೇಳಿಬಿಡಿ ಎಂದು ನಾನು ಒಳಗೊಳಗೇ ಅಂಗಲಾಚಿದೆ. ಆ ಮುದುಕಿಗೆ ಗೊತ್ತಾಗುವ ಬಗೆ ಇರಲಿಲ್ಲ.

“ಇಲ್ಲಮ್ಮ” ಎಂದರು ಸಿಸ್ಟರ್. “ಕೇಳಿಸ್ಕೊಳ್ಳೋಕೆ ಅಂತಾನೇ ಬಂದಿದ್ಲು. ನಾನೇ ಎಬ್ಬಿಸಿ ಕಳಿಸಿದೆ.”

ತಾಯಿ ಬೈಯಲಿಲ್ಲ. ಅಳಲೂ ಇಲ್ಲ. ತೋಳಿಗೆ ಕಟ್ಟಿದ್ದ ಪಟ್ಟಿಯನ್ನು ಇನ್ನೊಂದು ಕೈಯಿಂದ ಸವರಿ ನೋಡಿದರು, ಮಗಳು ಮನೆಗೆ ತಂದ ಹೊಸ ಬಟ್ಟೆಯನ್ನು ಸವರುವ ಹಾಗೆ.

“ನನಗೆ ನಿದ್ದೆ ಬರಲ್ಲ ಕಣೇ” ಎಂದರು ಕೊನೆಗೆ. “ಬಾಯಿಗೆ ಏನು ಹಾಕ್ಕೊಂಡ್ರೂ ಮಣ್ಣು. ಅವಳ ಚಪ್ಪಲಿ ಬಾಗಿಲಲ್ಲೇ ಇದೆ, ತೆಗೆಯೋಕೆ ಕೈ ಬರಲ್ಲ. ಮಂಡಿಗೇನೂ ಆಗಿಲ್ಲ. ಡಾಕ್ಟರಿಗೆ ಇಷ್ಟೂ ಹೇಳು.”

“ಹೇಳ್ತೀನಮ್ಮ.”

“ನಿನಗೆ ನಿದ್ದೆ ಬರುತ್ತಾ?”

ಸಿಸ್ಟರ್ ಉತ್ತರ ಕೊಡಲು ಬಾಯಿ ತೆರೆದರು. ಚೆನ್ನಾಗೇ ಇದ್ದೀನಿ ಎನ್ನುವ ಮಾತು ಆ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಆದರೆ ತಾಯಿ ಮಗಳ ಮಣಿಕಟ್ಟನ್ನು ಹಿಡಿದುಕೊಂಡಿದ್ದರು, ಬಿಡುವ ಹಾಗೆ ಕಾಣಲಿಲ್ಲ. ಸಿಸ್ಟರ್ ತಲೆಯಾಡಿಸಿದರು. ಇಲ್ಲ, ಇಲ್ಲ ಎಂದು ಆಡಿಸುತ್ತಲೇ ಹೋದರು. ಆಮೇಲೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ಅಷ್ಟು ಜನರ ಮುಂದೆ, ಗಂಟಲು ಬಿರಿಯುವಂತೆ ಅತ್ತರು.

ಡಾಕ್ಟರಮ್ಮ ಕೋಣೆಯಿಂದ ಹೊರಗೆ ಬಂದು, ಪೆನ್ನಿಗೆ ಕ್ಯಾಪು ಹಾಕಿ, ಬೆಂಚಿನ ತುದಿಯಲ್ಲಿ ಕೂತುಕೊಂಡರು. ಹೊರಗಿನಿಂದ ಯಾರೋ ಇಣುಕಿ ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು. ಡ್ರೈವರಣ್ಣ ಬಾಗಿಲಿಗೆ ಅಡ್ಡ ನಿಂತಿದ್ದರು. ಕಣ್ಣು ಒರೆಸಿಕೊಂಡು, ಇವರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕು ಎಂದರು. ಮುಂದಿನ ನಂಬರು ಕೂಗಲಿಲ್ಲ.